ಕೇಳಿದ್ದು ಒಂದು, ಬಯಸಿದ್ದು ಇನ್ನೊಂದು

ಆಸ್ಪರ್ಜರ್ (ಈಗ ಆಟಿಸಂ ಎಂಬ ಹೆಸರಿನೊಳಗೆ ಸೇರಿರುವ, ಇತರರೊಂದಿಗಿನ ಮಾತುಕತೆ, ಒಡನಾಟಗಳು ಕಷ್ಟವಾಗುವ ಸ್ಥಿತಿ) ಇರುವವರಿಗೆ ಉದ್ಯೋಗ ಸಂದರ್ಶನಗಳಲ್ಲಿ ಎದುರಾಗುವ ಮುಜುಗರಗಳ ಬಗ್ಗೆ ಬಂದಿರುವ ನಾಲ್ಕು ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಇಚ್ಛೆಯಂತೆ ಹೆಸರು ಮತ್ತು ಊರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಮಾನ್ಯರೇ, ನನಗೆ 27 ವರ್ಷ. ನನಗೆ ಆಸ್ಪರ್ಜರ್ ಸಿಂಡ್ರೋಮ್ ಇದೆಯೆಂದು ಬಾಲ್ಯದಲ್ಲೇ ವೈದ್ಯರು ಗುರುತಿಸಿದ್ದರು. ಲೆಕ್ಕಪತ್ರ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದೇನೆ ಮತ್ತು ಲಿಖಿತ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಗಳಿಸುತ್ತೇನೆ. ಆದರೆ ಹೋದ ಒಂಬತ್ತು ಸಂದರ್ಶನಗಳಲ್ಲಿ ಒಂದರಲ್ಲೂ ಆಯ್ಕೆಯಾಗಲಿಲ್ಲ. "ನಿಮ್ಮ ಬಗ್ಗೆ ಹೇಳಿ" ಎಂದಾಗ ಹುಟ್ಟಿದ ದಿನದಿಂದ ಆರಂಭಿಸಿದೆ. ನಾಲ್ಕನೆಯ ತರಗತಿಗೆ ಬರುವಷ್ಟರಲ್ಲಿ ತಡೆದರು. "ಈ ಕೆಲಸ ನಿಮಗೆ ಏಕೆ ಬೇಕು?" ಎಂದಾಗ "ಸಂಬಳಕ್ಕಾಗಿ" ಎಂದೆ. "ನಿಮ್ಮ ದೌರ್ಬಲ್ಯವೇನು?" ಎಂದದ್ದಕ್ಕೆ ಆರು ದೌರ್ಬಲ್ಯಗಳನ್ನು ಕ್ರಮವಾಗಿ ಹೇಳಿದೆ. ಕೊನೆಯ ಸಂದರ್ಶನದಲ್ಲಿ, ಅವರಿಗೆ ಉಪಕಾರವಾಗಲೆಂದು, ಅವರ ಜಾಹೀರಾತಿನಲ್ಲಿದ್ದ ಎರಡು ವ್ಯಾಕರಣ ದೋಷಗಳನ್ನು ತೋರಿಸಿಕೊಟ್ಟೆ. ಆಮೇಲೆ ಯಾರೂ ಹೆಚ್ಚು ಮಾತನಾಡಲಿಲ್ಲ. ನಾನು ಹೇಳಿದ್ದೆಲ್ಲವೂ ನಿಜ. ಕೆಲಸ ಸಿಗಬೇಕಾದರೆ ಸುಳ್ಳು ಹೇಳುವುದನ್ನು ಕಲಿಯಬೇಕೇ?

ಉತ್ತರ: ಕಲಿಯಬೇಕಾಗಿಲ್ಲ. ಕಲಿತರೂ ಅದು ನಿಮಗೆ ಒಗ್ಗುವುದಿಲ್ಲ, ಒಗ್ಗಲೂಬಾರದು. ನೀವು ಕಲಿಯಬೇಕಾದದ್ದು, ನಿಮ್ಮ ಕಿವಿಗೆ ಬಿದ್ದ ಪ್ರಶ್ನೆಗೂ ಕೇಳಿದವರ ಮನಸ್ಸಿನಲ್ಲಿದ್ದ ಪ್ರಶ್ನೆಗೂ ನಡುವಿನ ಅಂತರವನ್ನು ಗುರುತಿಸುವುದನ್ನು. ಅಲಂಕಾರಶಾಸ್ತ್ರದಲ್ಲಿ ವಾಚ್ಯಾರ್ಥ (ಮಾತಿನ ನೇರ ಅರ್ಥ), ವ್ಯಂಗ್ಯಾರ್ಥ (ಮಾತು ಸೂಚಿಸುವ ಒಳ ಅರ್ಥ) ಇವನ್ನು ಬೇರ್ಪಡಿಸಿ ತೋರಿಸಲು "ಸೂರ್ಯ ಮುಳುಗಿದ" ಎಂಬ ಹಳೆಯ ಉದಾಹರಣೆಯೊಂದಿದೆ. ದನ ಕಾಯುವವನಿಗೆ ಆ ಮಾತಿನ ಅರ್ಥ ಹಟ್ಟಿಗೆ ಮರಳುವ ಹೊತ್ತಾಯಿತೆಂದು, ವ್ಯಾಪಾರಿಗೆ ಸರಕು ಎತ್ತಿಡುವ ಹೊತ್ತಾಯಿತೆಂದು. ಸಂದರ್ಶನದ ಕೋಣೆಯಲ್ಲಿ ಕೇಳುವ ಬಹುಪಾಲು ಪ್ರಶ್ನೆಗಳು ಇಂಥವೇ. ಆಸ್ಪರ್ಜರ್ ಇರುವ ಅನೇಕರ ಮನಸ್ಸು ಮೊದಲು ವಾಚ್ಯಾರ್ಥವನ್ನು ಹಿಡಿಯುತ್ತದೆ ಮತ್ತು ಅದಕ್ಕೆ ಪ್ರಾಮಾಣಿಕವಾಗಿ, ಪೂರ್ಣವಾಗಿ ಉತ್ತರಿಸುತ್ತದೆ. ಇದು ಬುದ್ಧಿಯ ಕೊರತೆಯಲ್ಲ. ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್, ಅವರು ಸ್ವತಃ ಆಟಿಸಂ ಇರುವವರು, 2012ರಲ್ಲಿ ಮಂಡಿಸಿದ ವಾದವನ್ನು ನಿಮಗೆ ತಿಳಿಸಬೇಕೆನಿಸುತ್ತದೆ: ಆಟಿಸಂ ಇರುವವರು ಇತರರನ್ನು ಅರ್ಥಮಾಡಿಕೊಳ್ಳುವುದರಲ್ಲಿ ಎಡವುವಂತೆಯೇ ಇತರರೂ ಇವರನ್ನು ಅರ್ಥಮಾಡಿಕೊಳ್ಳುವುದರಲ್ಲಿ ಎಡವುತ್ತಾರೆ, ಆದ್ದರಿಂದ ತೊಡಕು ಎರಡೂ ಕಡೆಯದು. ನಿಮ್ಮ ಒಂಬತ್ತು ಸಂದರ್ಶನಗಳ ಹೊರೆಯನ್ನು ನೀವೊಬ್ಬರೇ ಹೊತ್ತುಕೊಳ್ಳಬೇಡಿ.

ಈಗ ನಿಮ್ಮ ಉತ್ತರಗಳನ್ನು ನೋಡೋಣ. "ನಿಮ್ಮ ಬಗ್ಗೆ ಹೇಳಿ" ಎಂಬುದು ಜೀವನಚರಿತ್ರೆಯನ್ನು ಕೇಳುವ ಪ್ರಶ್ನೆಯಲ್ಲ. ಈ ಹುದ್ದೆಗೆ ಸಂಬಂಧಪಟ್ಟ ಓದು, ಅನುಭವ ಮತ್ತು ಆಸಕ್ತಿಗಳನ್ನು ಸುಮಾರು 2 ನಿಮಿಷಗಳಲ್ಲಿ ಹೇಳಿ ಎಂಬುದು ಅದರ ಇಂಗಿತ. ಬರೆದು, ಗಟ್ಟಿಯಾಗಿ ಓದಿ, ಗಡಿಯಾರವಿಟ್ಟುಕೊಂಡು ಅಳೆದು ನೋಡಿ. ಹೇಳಿ ಮುಗಿದ ಮೇಲೆ "ಇನ್ನಷ್ಟು ವಿವರ ಬೇಕೇ?" ಎಂದು ಕೇಳಿ ನಿಲ್ಲಿಸಿ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಎದುರಿನವರ ಮುಖಭಾವದಿಂದ ಊಹಿಸುವ ಶ್ರಮವನ್ನು ಈ ಒಂದು ವಾಕ್ಯ ತಪ್ಪಿಸುತ್ತದೆ. ಸಂಬಳದ ಉತ್ತರದಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿ. ಅವರು ಕೇಳಿದ್ದು, ಸಂಬಳ ಕೊಡುವ ಹಲವು ಕಡೆಗಳಿರುವಾಗ ಇದನ್ನೇ ಏಕೆ ಆರಿಸಿಕೊಂಡಿರಿ ಎಂದು. ನಿಮ್ಮಲ್ಲಿ ಅದಕ್ಕೆ ನಿಜವಾದ ಉತ್ತರ ಖಂಡಿತವಾಗಿಯೂ ಇರುತ್ತದೆ: ಲೆಕ್ಕ ಪರಿಶೋಧನೆಯ ಕೆಲಸವೇ ಇಷ್ಟವೆಂದೋ, ಅಲ್ಲಿನ ಕೆಲಸಕ್ಕೆ ಸ್ಪಷ್ಟವಾದ ನಿಯಮಗಳಿವೆಯೆಂದೋ. ಅದನ್ನು ಹೇಳಿದರೆ ಸುಳ್ಳಾಗುವುದಿಲ್ಲ.

ದೌರ್ಬಲ್ಯದ ಪ್ರಶ್ನೆ ನನಗೆ ಎಂದೂ ಹಿಡಿಸಿಲ್ಲ, ಏಕೆಂದರೆ ಪ್ರಾಮಾಣಿಕನಿಗೆ ದಂಡ ವಿಧಿಸಿ ಜಾಣನಿಗೆ ಬಹುಮಾನ ಕೊಡುವ ಪ್ರಶ್ನೆಯದು. ಆದರೂ ಅದು ಬಂದೇ ಬರುತ್ತದೆ. ಅದರ ಒಳಗಿರುವ ಪ್ರಶ್ನೆ, "ನಿಮಗೆ ಕಷ್ಟವಾಗುವ ಒಂದು ಸಂಗತಿಯನ್ನು ನೀವು ಹೇಗೆ ನಿಭಾಯಿಸುತ್ತೀರಿ?" ಎಂಬುದು. ಒಂದನ್ನೇ ಆರಿಸಿಕೊಳ್ಳಿ, ಅದರ ಜೊತೆಗೆ ನೀವು ಮಾಡಿಕೊಂಡಿರುವ ಏರ್ಪಾಟನ್ನೂ ಹೇಳಿ. ಉದಾಹರಣೆಗೆ: "ಒಂದೇ ಹೊತ್ತಿನಲ್ಲಿ ಇಬ್ಬರು ಮೂವರು ಬಾಯಿಮಾತಿನಲ್ಲಿ ಕೆಲಸ ಹೇಳಿದರೆ ನನಗೆ ಗೊಂದಲವಾಗುತ್ತದೆ, ಆದ್ದರಿಂದ ಬರೆದುಕೊಂಡು, ಯಾವುದು ಮೊದಲು ಆಗಬೇಕೆಂದು ಕೇಳಿ ಖಚಿತಪಡಿಸಿಕೊಳ್ಳುತ್ತೇನೆ." ಉಳಿದ ಐದನ್ನು ಹೇಳದಿರುವುದು ಮುಚ್ಚಿಡುವುದಾಗುವುದಿಲ್ಲ, ಏಕೆಂದರೆ ಅವರು ಪೂರ್ಣ ಪಟ್ಟಿಯನ್ನು ನಿರೀಕ್ಷಿಸಿರುವುದೇ ಇಲ್ಲ.

ಜಾಹೀರಾತಿನ ದೋಷಗಳ ವಿಷಯ ನನ್ನನ್ನು ಬಹಳವಾಗಿ ಕಲಕಿತು. ಸಣ್ಣ ತಪ್ಪನ್ನು ಕಾಣುವ ಆ ಕಣ್ಣೇ ಲೆಕ್ಕಪತ್ರದ ಕೆಲಸಕ್ಕೆ ಬೇಕಾದ ಮುಖ್ಯ ಯೋಗ್ಯತೆ, ಅದನ್ನು ಅವರ ಎದುರಿಗೇ ನೀವು ಪ್ರದರ್ಶಿಸಿದಿರಿ, ಆದರೂ ಅವರಿಗೆ ಅದು ಕಾಣಲಿಲ್ಲ. ನೀವು ಉಪಕಾರವೆಂದು ತಿಳಿದದ್ದನ್ನು ಅವರು ನಾಲ್ಕು ಜನರ ನಡುವೆ ಆದ ಅವಮಾನವೆಂದು ತೆಗೆದುಕೊಂಡಿರಬೇಕು. ಮುಂದಿನ ಸಲ ಆ ಗುಣವನ್ನು ನಿಮ್ಮದೇ ಕೆಲಸದ ಪ್ರಸಂಗದ ಮೂಲಕ ಹೇಳಿ: ಯಾವ ಲೆಕ್ಕದಲ್ಲಿ ಯಾವ ತಪ್ಪನ್ನು ಕಂಡುಹಿಡಿದಿರಿ, ಅದರಿಂದ ಏನು ಅನುಕೂಲವಾಯಿತು ಎಂದು. ಇಂಥ ನಾಲ್ಕೈದು ಪ್ರಸಂಗಗಳನ್ನು ಮೊದಲೇ ಚೀಟಿಗಳಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. "ನೀವು ಒಂದು ಕಠಿಣ ಸಮಸ್ಯೆಯನ್ನು ಬಗೆಹರಿಸಿದ ಸಂದರ್ಭವನ್ನು ಹೇಳಿ" ಎಂದು ಥಟ್ಟನೆ ಕೇಳಿದಾಗ ನೆನಪಿನ ರಾಶಿಯಿಂದ ಒಂದು ಘಟನೆಯನ್ನು ಎತ್ತಿ ತೆಗೆಯುವುದು ಆಟಿಸಂ ಇರುವ ಅನೇಕರಿಗೆ ಹೆಚ್ಚು ಕಷ್ಟ. ಅನುಭವವಿಲ್ಲದೆ ಅವರು ಮೌನವಾಗಿದ್ದಾರೆಂದು ಎದುರಿಗಿರುವವರು ತಪ್ಪಾಗಿ ಭಾವಿಸುತ್ತಾರೆ. ಚೀಟಿಗಳನ್ನು ಕೋಣೆಯೊಳಗೆ ತೆಗೆದುಕೊಂಡು ಹೋಗಲು ಅನುಮತಿ ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ನನ್ನ ತಮ್ಮನಿಗೆ ಆಸ್ಪರ್ಜರ್ ಇದೆ. ಎದುರಿಗಿರುವವರ ಕಣ್ಣನ್ನು ನೋಡಿದರೆ ಅವರ ಮಾತು ತಲೆಗೆ ಹೋಗುವುದಿಲ್ಲ ಎನ್ನುತ್ತಾನೆ. ಸಂದರ್ಶನಕ್ಕೆ ಮುಂಚೆ ಕನ್ನಡಿಯ ಮುಂದೆ ನಿಲ್ಲಿಸಿ ನಾನೇ ಅಭ್ಯಾಸ ಮಾಡಿಸಿದೆ. ಅಲ್ಲಿ ಅವನು ಒಬ್ಬರನ್ನೇ ರೆಪ್ಪೆ ಬಡಿಯದೆ ನೋಡುತ್ತ ಕುಳಿತನಂತೆ. ಹೊರಬಂದವನು ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲ. ನಾನು ಮಾಡಿಸಿದ ಅಭ್ಯಾಸ ತಪ್ಪೇ?

ಉತ್ತರ: ನಿಮ್ಮ ಪ್ರೀತಿಯಲ್ಲಿ ತಪ್ಪಿಲ್ಲ ತಾಯಿ, ಆದರೆ ಆ ಅಭ್ಯಾಸವನ್ನು ಇಲ್ಲಿಗೇ ಬಿಡುವುದು ಒಳ್ಳೆಯದು. ಅವನು ತನ್ನ ಗಮನವನ್ನೆಲ್ಲ ಕಣ್ಣಿಗೆ ಕೊಟ್ಟ ಮೇಲೆ ಉತ್ತರಕ್ಕೆ ಏನು ಉಳಿಯಿತು? ಸಹಜವಲ್ಲದ ನಡವಳಿಕೆಯನ್ನು ಗಂಟೆಗಟ್ಟಲೆ ಹೊದ್ದುಕೊಂಡಿರುವುದು ತೀವ್ರವಾದ ದಣಿವನ್ನು ತರುತ್ತದೆ. ಆ ಎರಡು ದಿನಗಳ ಮೌನ ಅದರ ಪರಿಣಾಮವಿರಬಹುದು, ಅದನ್ನು ಮುನಿಸೆಂದು ತಿಳಿಯಬೇಡಿ. ಮಾತನಾಡುವವರ ಹಣೆಯನ್ನೋ ಮೂಗಿನ ಮೇಲ್ಭಾಗವನ್ನೋ ಆಗಾಗ ನೋಡಿದರೆ ಸಾಕು. ಅದಕ್ಕಿಂತಲೂ ನಾನು ಹೆಚ್ಚು ನಂಬುವ ಉಪಾಯವೆಂದರೆ, ಆರಂಭದಲ್ಲಿಯೇ ಒಂದು ಮಾತು ಹೇಳಿಬಿಡುವುದು: "ಯೋಚಿಸುವಾಗ ನಾನು ಬೇರೆ ಕಡೆ ನೋಡುತ್ತೇನೆ, ಆದರೆ ಗಮನ ನಿಮ್ಮ ಪ್ರಶ್ನೆಯ ಮೇಲೆಯೇ ಇರುತ್ತದೆ."

ಇದು ಏಕೆ ಮುಖ್ಯವೆಂಬುದಕ್ಕೆ ಒಂದು ಅಧ್ಯಯನವನ್ನು ಹೇಳುತ್ತೇನೆ. ಅಮೆರಿಕದ ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಆಟಿಸಂ ಇರುವವರ ಕೆಲವೇ ಸೆಕೆಂಡುಗಳ ದೃಶ್ಯ ಅಥವಾ ಧ್ವನಿಯನ್ನು ಗಮನಿಸಿದ ಅಪರಿಚಿತರು ಅವರ ಬಗ್ಗೆ ಕಡಿಮೆ ಒಲವು ತೋರಿಸಿದರು. ಅದೇ ಮಾತುಗಳನ್ನು ಕೇವಲ ಬರಹದಲ್ಲಿ ಓದಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅವರು ಹೇಳಿದ್ದರಲ್ಲಿ ಕೊರತೆ ಇರಲಿಲ್ಲ, ಹೇಳಿದ ರೀತಿಯ ಮೇಲೆ ತೀರ್ಪು ಬಿದ್ದಿತ್ತು. ನಿಮ್ಮ ತಮ್ಮನಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ನನ್ನ ಹಳೆಯ ವರದಿಯಲ್ಲಿ "ಆಸ್ಪರ್ಜರ್" ಎಂದಿದೆ, ಹೊಸ ವೈದ್ಯರು "ಆಟಿಸಂ ಸ್ಪೆಕ್ಟ್ರಮ್" ಎಂದು ಬರೆದಿದ್ದಾರೆ. ಒಂದು ಸಂದರ್ಶನದಲ್ಲಿ ಮೊದಲ ವಾಕ್ಯದಲ್ಲಿಯೇ ಇದನ್ನು ಹೇಳಿಬಿಟ್ಟೆ. ಉಳಿದ ಸಮಯವೆಲ್ಲ ಅದರ ವಿವರಣೆಯಲ್ಲಿಯೇ ಕಳೆಯಿತು. ಹೇಳಬೇಕೇ, ಹೇಳಬಾರದೇ?

ಉತ್ತರ: ಎರಡು ವರದಿಗಳೂ ನಿಮ್ಮ ಒಂದೇ ಸ್ವಭಾವವನ್ನು ಕುರಿತವು. ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಜರ್ 1944ರಲ್ಲಿ ವಿವರಿಸಿದ್ದ ಲಕ್ಷಣಗಳಿಗೆ 1981ರಲ್ಲಿ ಬ್ರಿಟಿಷ್ ಮನೋವೈದ್ಯೆ ಲೋರ್ನಾ ವಿಂಗ್ ಅವರ ಲೇಖನದ ಮೂಲಕ ಈ ಹೆಸರು ಪ್ರಚಾರಕ್ಕೆ ಬಂತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯೂ ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೂ ಅದನ್ನು ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರಿನೊಳಗೆ ಸೇರಿಸಿದವು.

ಹೇಳುವುದೂ ಬಿಡುವುದೂ ನಿಮ್ಮ ನಿರ್ಧಾರ. ಅದನ್ನು ಬೇರೆಯವರು ನಿಮ್ಮ ಮೇಲೆ ಹೇರಬಾರದು. ಆದರೆ ಹೇಳುವುದಾದರೆ ಸಂದರ್ಶನದ ಕುರ್ಚಿಯಲ್ಲಿ ಕುಳಿತ ಮೇಲೆ ಹೇಳುವುದಕ್ಕಿಂತ, ಮೊದಲೇ ಪತ್ರದಲ್ಲಿ, ನಿಮಗೆ ಬೇಕಾದ ಅನುಕೂಲದ ಜೊತೆಯಲ್ಲಿ ಹೇಳುವುದು ಮೇಲು. ಹೆಸರು ಮಾತ್ರ ಹೇಳಿದರೆ ಕೇಳಿದವರು ತಮ್ಮ ಕಲ್ಪನೆಯನ್ನು ಅದರೊಳಗೆ ತುಂಬಿಕೊಳ್ಳುತ್ತಾರೆ. "ಪ್ರಶ್ನೆಗಳನ್ನು ಬರಹದಲ್ಲಿಯೂ ಕೊಟ್ಟರೆ ನಾನು ಚೆನ್ನಾಗಿ ಉತ್ತರಿಸಬಲ್ಲೆ" ಎಂದರೆ ತಾವೇನು ಮಾಡಬೇಕೆಂಬುದು ಅವರಿಗೆ ತಿಳಿಯುತ್ತದೆ. ಹೆಸರನ್ನು ಹೇಳದೆ ಅನುಕೂಲವನ್ನಷ್ಟೇ ಕೇಳುವ ಮಧ್ಯದ ದಾರಿಯೂ ಇದೆ. ಅಂಗವಿಕಲರ ಹಕ್ಕುಗಳ ಕುರಿತು 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯು ಉದ್ಯೋಗದಲ್ಲಿ ಸೂಕ್ತ ಹೊಂದಾಣಿಕೆಯನ್ನು ಹಕ್ಕೆಂದೇ ಕಾಣುತ್ತದೆ, ಆದ್ದರಿಂದ ನೀವು ಯಾರ ದಯೆಯನ್ನೂ ಬೇಡುತ್ತಿಲ್ಲ.

ಪ್ರಶ್ನೆ: ನಾನು ನೇಮಕಾತಿ ಸಮಿತಿಯೊಂದರಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಈಚೆಗೆ ಒಬ್ಬ ಅಭ್ಯರ್ಥಿಯನ್ನು "ದಾರಿ ಹುಡುಕಲು ಕಷ್ಟವಾಗಲಿಲ್ಲವಷ್ಟೇ?" ಎಂದು ಸೌಜನ್ಯಕ್ಕೆ ಕೇಳಿದೆ, ಅವರು ಪ್ರತಿಯೊಂದು ತಿರುವನ್ನೂ ವಿವರಿಸಿದರು. ಕೊನೆಯಲ್ಲಿ "ನಮ್ಮನ್ನು ಏನಾದರೂ ಕೇಳಬೇಕೇ?" ಎಂದದ್ದಕ್ಕೆ "ಇಲ್ಲ" ಎಂದು ಎದ್ದು ಹೋದರು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವರದೇ ಅತ್ಯುತ್ತಮ ಫಲಿತಾಂಶವಾಗಿದ್ದರೂ "ಹೊಂದಿಕೊಳ್ಳಲಾರರು" ಎಂದು ಬರೆದು ಕೈಬಿಟ್ಟೆವು. ಅವರಿಗೆ ಆಸ್ಪರ್ಜರ್ ಇರಬಹುದು ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ಹೇಳಿದರು. ಅಂದಿನಿಂದ ನನಗೆ ಸಮಾಧಾನವಿಲ್ಲ.

ಉತ್ತರ: ಒಂದು ಭೇಟಿಯ ಆಧಾರದ ಮೇಲೆ ಅವರಿಗೆ ಏನಿದೆಯೆಂದು ನೀವೂ ನಿಮ್ಮ ಸಹೋದ್ಯೋಗಿಯೂ ನಿರ್ಣಯಿಸಲಾಗದು, ನಿರ್ಣಯಿಸುವ ಅಗತ್ಯವೂ ಇಲ್ಲ. ಇದ್ದರೂ ಇಲ್ಲದಿದ್ದರೂ ತಪ್ಪು ಒಂದೇ: ಅವರು ಕೆಲಸ ಮಾಡಬಲ್ಲರೆಂಬುದಕ್ಕೆ ಪ್ರತ್ಯಕ್ಷ ಸಾಕ್ಷಿ ಕೈಯಲ್ಲಿದ್ದರೂ, ಸೌಜನ್ಯದ ಎರಡು ಪ್ರಶ್ನೆಗಳಿಗೆ ಸಿಕ್ಕಿದ ಉತ್ತರವನ್ನು ಅದಕ್ಕಿಂತ ಭಾರವೆಂದು ನೀವು ತೂಗಿದಿರಿ. "ಇಲ್ಲ" ಎನ್ನುವುದು ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರವೇ ಆಗಿತ್ತು. ಇದನ್ನು ಕಟುವಾಗಿ ಹೇಳುತ್ತಿದ್ದೇನೆ ನಿಜ, ಆದರೆ ನೀವೇ ಮುಂದಾಗಿ ಬರೆದಿರುವುದರಿಂದ ನಿಮ್ಮಲ್ಲಿ ನನಗೆ ಗೌರವವೂ ಭರವಸೆಯೂ ಇದೆ.

ಬದಲಾಯಿಸಲು ದೊಡ್ಡ ವೆಚ್ಚವೇನೂ ಬೇಕಿಲ್ಲ. ಮುಖ್ಯ ಪ್ರಶ್ನೆಗಳನ್ನು ಒಂದು ದಿನ ಮುಂಚೆ ಎಲ್ಲ ಅಭ್ಯರ್ಥಿಗಳಿಗೂ ಕಳುಹಿಸಿ. ಒಂದು ವಾಕ್ಯದಲ್ಲಿ ಒಂದೇ ಪ್ರಶ್ನೆ ಇರಲಿ. "ತಂಡದಲ್ಲಿ ಹೇಗೆ ಕೆಲಸ ಮಾಡುತ್ತೀರಿ?" ಎನ್ನುವ ಬದಲು "ಇಬ್ಬರು ಸಹೋದ್ಯೋಗಿಗಳೊಂದಿಗೆ ಸೇರಿ ಮುಗಿಸಿದ ಒಂದು ಕೆಲಸವನ್ನು ಹೇಳಿ; ಅದರಲ್ಲಿ ನಿಮ್ಮ ಪಾಲು ಯಾವುದು?" ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿದ್ದು ಕಾಯಿರಿ. ಆ ಮೌನವನ್ನು ತುಂಬಲು ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಮತ್ತೆ ಕೇಳಿದರೆ ಅವರಿಗೆ ಅದು ಎರಡನೆಯ ಪ್ರಶ್ನೆಯಾಗಿ, ಮೊದಲಿನ ಯೋಚನೆ ಕಡಿದುಹೋಗುತ್ತದೆ. ಉತ್ತರ ಉದ್ದವಾದರೆ "ಇಷ್ಟು ಸಾಕು, ಮುಂದಿನದಕ್ಕೆ ಹೋಗೋಣ" ಎಂದು ನೇರವಾಗಿ ಹೇಳಿ. ನೇರ ಮಾತಿಗೆ ಇವರು ಬೇಸರಿಸುವುದಕ್ಕಿಂತ ನೆಮ್ಮದಿ ಪಡುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನೆಗಳನ್ನು ಹೀಗೆ ತಿದ್ದಿದಾಗ ಆಟಿಸಂ ಇರುವವರ ಉತ್ತರಗಳಷ್ಟೇ ಅಲ್ಲ, ಇಲ್ಲದವರ ಉತ್ತರಗಳೂ ಸುಧಾರಿಸಿದವು.

ಸಂದರ್ಶನವನ್ನೇ ಪಕ್ಕಕ್ಕಿಟ್ಟವರೂ ಇದ್ದಾರೆ. ಆಟಿಸಂ ಇರುವ ಮಗನ ತಂದೆ ತೋರ್ಕಿಲ್ ಸೊನ್ನೆ 2004ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭಿಸಿದ ಸ್ಪೆಷಲಿಸ್ಟರ್ನೆ ಎಂಬ ಸಂಸ್ಥೆಯು ಅಭ್ಯರ್ಥಿಗಳಿಗೆ ಲೆಗೋ ರೋಬಾಟ್‌ಗಳನ್ನು ಕಟ್ಟಿ ನಡೆಸುವ ಕೆಲಸ ಕೊಟ್ಟು, ಅವರು ಸಮಸ್ಯೆಯನ್ನು ಬಿಡಿಸುವ ಬಗೆಯನ್ನು ಗಮನಿಸಿ ಆಯ್ಕೆ ಮಾಡಿತು. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಸ್ಯಾಪ್ 2013ರಲ್ಲಿ, ಮೈಕ್ರೋಸಾಫ್ಟ್ 2015ರಲ್ಲಿ ಆಟಿಸಂ ಇರುವವರ ನೇಮಕಾತಿಗಾಗಿ ಪ್ರತ್ಯೇಕ ಕ್ರಮಗಳನ್ನು ಆರಂಭಿಸಿದವು. ನಿಮ್ಮಲ್ಲಿ ಅಂಥ ಏರ್ಪಾಟು ಇಲ್ಲದಿರಬಹುದು, ಆದರೆ ಪ್ರಾಯೋಗಿಕ ಪರೀಕ್ಷೆ ಆಗಲೇ ಇದೆ. ಅದರ ಫಲಿತಾಂಶಕ್ಕೆ ಎಷ್ಟು ತೂಕವೆಂಬುದನ್ನು ಸಂದರ್ಶನ ಆರಂಭವಾಗುವ ಮೊದಲೇ ಸಮಿತಿಯಲ್ಲಿ ಬರೆದಿಟ್ಟುಕೊಳ್ಳಿ, ಮತ್ತು "ಹೊಂದಿಕೊಳ್ಳಲಾರರು" ಎಂದು ಬರೆಯುವವರು ಯಾವ ಕೆಲಸಕ್ಕೆ, ಯಾವ ಕಾರಣದಿಂದ ಎಂಬುದನ್ನೂ ಬರೆಯಬೇಕೆಂದು ನಿಯಮ ಮಾಡಿ.

ಆ ಅಭ್ಯರ್ಥಿಯ ಅರ್ಜಿ ನಿಮ್ಮ ಕಡತದಲ್ಲಿ ಇನ್ನೂ ಇರುತ್ತದೆ. ಅಂಥದೇ ಹುದ್ದೆ ಮತ್ತೆ ತೆರವಾದಾಗ ಅವರಿಗೆ ಪತ್ರ ಬರೆಯಿರಿ. ಎಷ್ಟು ಗಂಟೆಗೆ ಬರಬೇಕು, ಕೋಣೆಯಲ್ಲಿ ಎಷ್ಟು ಜನ ಇರುತ್ತಾರೆ, ಎಷ್ಟು ಹೊತ್ತು ನಡೆಯುತ್ತದೆ, ಏನನ್ನು ಕೇಳುತ್ತೀರಿ ಎಂಬುದೆಲ್ಲವೂ ಆ ಪತ್ರದಲ್ಲಿರಲಿ.