ಮೈ ಬಿಸಿ ಬ್ಯಾಕ್ಟೀರಿಯಾಕ್ಕೆ ಹೇಗೆ ಗೊತ್ತಾಗುತ್ತದೆ?

ನಮ್ಮ ಮೈಯೊಳಗೆ ಬಂದಿದ್ದೇನೆ ಅಂತ ಬ್ಯಾಕ್ಟೀರಿಯಾಕ್ಕೆ ಹೇಗೆ ತಿಳಿಯುತ್ತದೆ, ಅದಕ್ಕೇನು ನರ ಇದೆಯಾ ಅಂತ ಕೇಳಿದ್ದೀರಿ. ನರ ಇಲ್ಲ. ಬಿಸಿ ತಿಳಿಯಲು ಕೆಲವು ಬ್ಯಾಕ್ಟೀರಿಯಾಗಳಿಗೆ ಒಂದು ಆರ್‌ಎನ್‌ಎ ಎಳೆಯೇ ಸಾಕು. ಪ್ರೋಟೀನು ಮಾಡಲು ಜೀನಿನ ಸೂಚನೆಯನ್ನು ಎ, ಯು, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಹೊತ್ತು ತರುವ ನಕಲು ಅದು. ನನಗೆ ಜೀವಶಾಸ್ತ್ರದಲ್ಲಿ ತುಂಬಾ ಇಷ್ಟದ ವಿಷಯ ಇದು.

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ಬಗ್ಗಿಸಿದರೆ ಏನೂ ಬೀಳುವುದಿಲ್ಲ, ಅಲ್ವಾ? ಬಾಯಲ್ಲೇ ಗಟ್ಟಿಯಾಗಿರುತ್ತದೆ. ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ತಾನಾಗಿ ಕರಗಿ ಹರಿಯುತ್ತದೆ. ಇಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಅದೇ.

ಲಿಸ್ಟೀರಿಯಾವನ್ನೇ ನೋಡಿ. ಚೀಸ್, ಮಾಂಸದ ಮೂಲಕ ನಮಗೆ ತಗಲುವ ಇದು ಫ್ರಿಜ್ಜಿನ 4 ಡಿಗ್ರಿಯಲ್ಲೂ ಬೆಳೆಯುತ್ತದೆ. ಅಲ್ಲಿ ರೋಗ ತರುವ ಪ್ರೋಟೀನುಗಳನ್ನು ಮಾಡಿದರೆ ಸುಮ್ನೆ ದಂಡ. ಆ ಜೀನುಗಳನ್ನೆಲ್ಲ ಎಬ್ಬಿಸುವ ಮುಖ್ಯ ಪ್ರೋಟೀನಿನ ಹೆಸರು ಪಿಆರ್‌ಎಫ್‌ಎ. ಅದನ್ನು ಮಾಡಲು ಬೇಕಾದ ಆರ್‌ಎನ್‌ಎ ತಂಪಿನಲ್ಲೂ ತಯಾರಿರುತ್ತದೆ. ಆದರೆ ಅದರ ಮುಂದಿನ ತುದಿ ಹೇರ್‌ಪಿನ್ನಿನ ಹಾಗೆ ತನ್ನ ಮೇಲೇ ಮಡಚಿಕೊಂಡಿರುತ್ತದೆ. ಪ್ರೋಟೀನು ಕಟ್ಟುವ ರೈಬೋಸೋಮ್ ಬಂದು ಕೂರುವ ಜಾಗ ಆ ಮಡಿಕೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ನಮ್ಮ ಮೈಯ 37 ಡಿಗ್ರಿಯಲ್ಲಿ ಮಡಿಕೆ ಬಿಚ್ಚಿ, ಜಾಗ ತೆರೆದು, ಕೆಲಸ ಶುರು.

2002ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಪಾಸ್ಕಲ್ ಕೊಸಾರ್ ತಂಡ ಇದನ್ನು ಚೆಂದವಾಗಿ ತೋರಿಸಿತು. ಆ ತುದಿಯನ್ನಷ್ಟೇ ಹಸಿರು ಬೆಳಕು ಕೊಡುವ ಪ್ರೋಟೀನಿನ ಜೀನಿಗೆ ಜೋಡಿಸಿ ಇ. ಕೋಲೈ ಎಂಬ ಬೇರೊಂದು ಬ್ಯಾಕ್ಟೀರಿಯಾದೊಳಗೆ ಇಟ್ಟರು. ಲಿಸ್ಟೀರಿಯಾದ ಬೇರೆ ಯಾವ ಸಹಾಯವೂ ಅಲ್ಲಿರಲಿಲ್ಲ. ಆದರೂ 37 ಡಿಗ್ರಿಯಲ್ಲಿ ಹೊಳೆಯಿತು, 30ರಲ್ಲಿ ಹೊಳೆಯಲಿಲ್ಲ. ಮಡಿಕೆ ಸಡಿಲವಾಗುವಂತೆ ಲಿಸ್ಟೀರಿಯಾದಲ್ಲೇ ಆ ತುದಿಯ ಅಕ್ಷರ ಬದಲಿಸಿದಾಗ, 30ರಲ್ಲೂ ರೋಗದ ಜೀನುಗಳು ಎದ್ದವು!

ಮಡಿಕೆ ಯಾಕೆ ಬಿಚ್ಚುತ್ತದೆ? ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಒಂದು ಆರ್‌ಎನ್‌ಎಯಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ರೈಬೋಸೋಮ್ ಕೂರುವ ಜಾಗದಲ್ಲಿ ಎ, ಜಿ, ಜಿ, ಎ ಅಕ್ಷರಗಳಿವೆ. ಅವುಗಳ ಕೈ ಹಿಡಿದಿರುವುದು ಸಾಲಾಗಿ ನಿಂತ ನಾಲ್ಕು ಯು. ಜಿಗೆ ಗಟ್ಟಿ ಜೋಡಿ ಸಿ. ಯು ಜೊತೆ ಅದರ ಹಿಡಿತ ಸಡಿಲ. ಎ–ಯು ಹಿಡಿತವೂ ಅಷ್ಟಕ್ಕಷ್ಟೇ. ಹಾಗಾಗಿ ಬಿಸಿ ಜಾಸ್ತಿಯಾದಂತೆ ಒಂದೊಂದೇ ಕೈ ಬಿಡುತ್ತಾ ಹೋಗುತ್ತದೆ, ಜಿಪ್ ತೆರೆದ ಹಾಗೆ. ಆಗ ತಯಾರಾಗುವ ಪ್ರೋಟೀನು, ಬಿಸಿಗೆ ಉಳಿದ ಪ್ರೋಟೀನುಗಳು ಗಂಟುಕಟ್ಟದಂತೆ ಕಾಯುತ್ತದೆ.

ಮತ್ತೆ ತಂಪಾದರೆ ಆ ನಾಲ್ಕು ಯು ಮತ್ತೆ ಕೈ ಹಿಡಿಯುತ್ತವೆ.