ದೊಡ್ಡ ಮನೆತನದ ಹೆಂಗಸಿನ ಎಣ್ಣೆಬಣ್ಣದ ಚಿತ್ರದಲ್ಲಿ ಕುಂಚದ ಕೆಲಸ ಸವಿಯೋದು ಹೇಗೆ?

ಫೋನಿನಲ್ಲಿ ಚಿತ್ರ ಜೂಮ್ ಮಾಡಿದರೆ ಬರೀ ಕುಂಚದ ಗೀರು ಕಾಣುತ್ತವೆ, ಅವುಗಳ ಹೆಸರು ಎಲ್ಲಿ ಕಲಿಯಲಿ ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ನನಗೂ ಇದೇ ಹುಚ್ಚು.

ಬಾಗಲಕೋಟೆಯಲ್ಲಿ ಆಗಷ್ಟೇ ಭಾವಚಿತ್ರ ಬರೆಯೋಕೆ ಶುರುಮಾಡಿದ್ದೆ. ಗೋಡೆಗೆ ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ 1892ರಲ್ಲಿ ಬರೆದ ‘ಲೇಡಿ ಆಗ್ನ್ಯೂ’ ಚಿತ್ರದ ಪ್ರಿಂಟ್ ಅಂಟಿಸಿದ್ದೆ. ಮೂಲ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದೆ. ಬಿಳಿ ಗೌನು, ಸೊಂಟಕ್ಕೆ ತಿಳಿನೇರಳೆ ರೇಷ್ಮೆ ಪಟ್ಟಿ, ಕುರ್ಚಿಗೆ ಒರಗಿ ನಮ್ಮನ್ನೇ ನೋಡುವ ಹೆಂಗಸು. ಮೂಗು ತಾಗಿಸಿಕೊಂಡು ಆ ಪಟ್ಟಿಯ ಗೀರುಗಳನ್ನು ದಿನಗಟ್ಟಲೆ ನೋಡಿದೆ. ಏನೂ ಹೊಳೆಯಲಿಲ್ಲ.

ಅದೇ ಹೊತ್ತಿಗೆ ಒಂದು ದೇಸಾಯಿ ವಾಡೆಯವರು ಮನೆಯ ಹಿರಿಯಮ್ಮನ ಚಿತ್ರ ಬರೆಸಿದರು. ಇಳಕಲ್ ಸೀರೆ, ಕೆಂಪು ರೇಷ್ಮೆಯ ಸೆರಗು. ಮುಖ ಚೆನ್ನಾಗಿ ಬಂತು. ಸೆರಗಿನ ಹೊಳಪನ್ನು ಒಂದೇ ಏಟಿಗೆ ಹಾಕಿದೆ, ಅದೂ ಬಂತು. ಅಲ್ಲಿಗೆ ಕೈ ತೆಗೆಯಬೇಕಿತ್ತು. ಹತ್ತಿರದಿಂದ ನೋಡಿದರೆ ಒರಟು ಕಂಡಿತು, ದೊಡ್ಡ ಮನೆಯವರು ಏನಂದಾರು ಅಂತ ಅಳುಕಿದೆ. ಮೆತ್ತನೆಯ ಒಣ ಕುಂಚ ತಗೊಂಡು ಸವರಿದೆ. ಬಣ್ಣ ಇನ್ನೂ ಹಸಿ. ತಿಳಿಬಣ್ಣ ಪಕ್ಕದ ನೆರಳಿನೊಳಗೆ ಕಲೆತುಹೋಯಿತು. ಮತ್ತೆ ಬಿಳಿ ಹಾಕಿದೆ, ಮತ್ತೆ ಸವರಿದೆ. ನಾಲ್ಕು ರಾತ್ರಿ ಇದೇ ಕೆಲಸ. ರೇಷ್ಮೆಯ ಹೊಳಪಿಗೆ ಒಂದು ಕಡೆಯಾದರೂ ಚೂಪಾದ ಅಂಚು ಬೇಕು. ಅಂಚು ಅಳಿಸಿದರೆ ರೇಷ್ಮೆ ಹೋಗಿ ಹತ್ತಿ ಆಗುತ್ತದೆ. ದಪ್ಪ ಬಣ್ಣದ ಏಣು ದೀಪದ ಬೆಳಕು ಹಿಡಿಯುತ್ತಿತ್ತು, ಅದನ್ನೂ ಸವರಿ ಮಟ್ಟಮಾಡಿದ್ದೆ. ಕೊನೆಗೆ ಸೆರಗು ಇಟ್ಟಿಗೆ ಪುಡಿಯಂತಾಯಿತು. ಆ ಅಮ್ಮ ತುಂಬಾ ಹೊತ್ತು ನೋಡಿ, ‘ಇದು ನನ್ನ ಸೀರಿ ಅಲ್ಲ’ ಅಂದರು. ಮುಂಗಡ ವಾಪಸ್ ಕೊಟ್ಟು ಬಂದೆ.

ಅವತ್ತು ಮನೆಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟೆ. ಅಷ್ಟು ದೂರದಿಂದ ಗೋಡೆಯ ಪ್ರಿಂಟಿನ ಆ ನೇರಳೆ ಪಟ್ಟಿ ಅಪ್ಪಟ ರೇಷ್ಮೆ. ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋದೆ. ಒಂದು ಕಡೆ ರೇಷ್ಮೆ ಒಡೆದು ಗೀರಾಯಿತು. ಒಂದು ಹೆಜ್ಜೆ ಹಿಂದಕ್ಕೆ, ಮತ್ತೆ ರೇಷ್ಮೆ. ಸಾರ್ಜೆಂಟ್ ಕೂಡ ಹೀಗೇ ಹಿಂದೆ ಮುಂದೆ ನಡೆಯುತ್ತಲೇ ಬರೆಯುತ್ತಿದ್ದ. ಮುಖ ತಪ್ಪಿದರೆ ತಿದ್ದುತ್ತಾ ಕೂರದೆ, ಕೆರೆದು ತೆಗೆದು ಹೊಸದಾಗಿ ಬರೆಯುತ್ತಿದ್ದ.

ಹಾಗಾಗಿ ಗೀರಿನ ಹೆಸರು ಬಿಡಿ, ಜೂಮ್ ಅಂತೂ ಬೇಡವೇ ಬೇಡ. ಫೋನಿನಲ್ಲಿ ಹೀಗೆ ಹಿಂದೆ ಮುಂದೆ ನಡೆದು ನೋಡೋಕಾಗೋದಿಲ್ಲ, ಅಲ್ವಾ? ದೊಡ್ಡ ಪ್ರಿಂಟ್ ತೆಗೆಸಿ, ಗೋಡೆಗೆ ಹಾಕಿ, ದೂರದಿಂದ ನಡೆದು ಬನ್ನಿ. ಬಟ್ಟೆ ಎಲ್ಲಿ ಒಡೆದು ಬಣ್ಣವಾಗುತ್ತದೋ ಅಲ್ಲೇ ನಿಲ್ಲಿ. ಮುಖದಲ್ಲಿ ಎಷ್ಟು ನಾಜೂಕು, ಗೌನಿನಲ್ಲಿ ಎಷ್ಟು ಸಡಿಲ ಅಂತ ನೋಡಿ. ಮೈಸೂರಿಗೆ ಹೋದರೆ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳಿವೆ. ಅವುಗಳ ಮುಂದೆಯೂ ಹೀಗೇ ನಡೆಯಿರಿ, ಸೀರೆಯ ಅಂಚಿನಿಂದಲೇ ಶುರುಮಾಡಿ.