ಫ್ರಿಜ್ಜಿನಲ್ಲಿ ಕೆರೆಯ ನೀರು

ಪ್ರಶ್ನೆ: ನನಗೆ 41 ವರ್ಷ. ಯಲಹಂಕದಲ್ಲಿ ವಾಸ. ಮೊದಲ ಪತಿ ತೀರಿಕೊಂಡ ಐದು ವರ್ಷಗಳ ನಂತರ, ಪತ್ನಿಯನ್ನು ಕಳೆದುಕೊಂಡಿದ್ದ ಒಬ್ಬರನ್ನು ಮದುವೆಯಾಗಿ ಎರಡು ವರ್ಷವಾಯಿತು. ಅವರ ಮಗಳು ಪ್ರಥಮ ಪಿಯುಸಿ, ನನ್ನ ಮಗ ಎಂಟನೇ ತರಗತಿ. ನಾನು ಪರಿಸರ ವಿಜ್ಞಾನದ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗಾಗಿ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ ಜಕ್ಕೂರು ಕೆರೆಯ ನೀರಿನ ಮಾದರಿ ತೆಗೆಯಬೇಕು. ಆ ದಿನ ಮನೆಯಲ್ಲಿ ತಿಂಡಿಯೂ ಇಲ್ಲ, ಡಬ್ಬಿಯೂ ಇಲ್ಲ. ಕಳೆದ ತಿಂಗಳು ಬಾಟಲಿಗಳನ್ನು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟಿದ್ದಕ್ಕೆ ಮಗಳು ರಂಪ ಮಾಡಿದಳು. ಷವರ್ ಬಿಟ್ಟು ಬಕೆಟ್‌ನಲ್ಲಿ ಸ್ನಾನ ಮಾಡು, ಹಸಿ ಕಸ ಒಣ ಕಸ ಬೇರೆ ಮಾಡು ಎಂದರೆ, ‘ಇದು ನಮ್ಮಮ್ಮನ ಮನೆ, ನಿಮ್ಮ ಲ್ಯಾಬ್ ಅಲ್ಲ’ ಎನ್ನುತ್ತಾಳೆ. ನನ್ನವರು ಏನೂ ಮಾತನಾಡುವುದಿಲ್ಲ. ಮಗನದು ಯಾವ ತೊಂದರೆಯೂ ಇಲ್ಲ. ಓದು ನಿಲ್ಲಿಸಬೇಕೆ?

ಉತ್ತರ: ನಿಲ್ಲಿಸಬೇಕಾಗಿಲ್ಲ. ನಾನು ಹಲವು ವರ್ಷ ಪರಿಸರ ವಿಜ್ಞಾನ ಪಾಠ ಮಾಡಿ, ನಿವೃತ್ತಿಯ ನಂತರ ಕೌಟುಂಬಿಕ ಸಲಹೆಯ ಕೆಲಸಕ್ಕೆ ಬಂದವನಾದ್ದರಿಂದ, ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಫ್ರಿಜ್ಜು. ಈ ವಿಷಯದಲ್ಲಿ ಮಗಳ ಮಾತೇ ಸರಿ. ಜಕ್ಕೂರು ಕೆರೆಗೆ ಬರುವ ನೀರಿನ ದೊಡ್ಡ ಪಾಲು ಸಂಸ್ಕರಿಸಿದ ಒಳಚರಂಡಿ ನೀರು; ಜೌಗು ಗಿಡಗಳ ನಡುವೆ ಹಾದು ಬಂದರೂ ಅದು ದೋಸೆ ಹಿಟ್ಟಿನ ನೆರೆಯಲ್ಲಿ ಇರಬೇಕಾದದ್ದಲ್ಲ. ಥರ್ಮೊಕೋಲ್ ಪೆಟ್ಟಿಗೆಗೆ ಐಸ್ ತುಂಬಿ, ಬಾಟಲಿಗಳನ್ನು ಕೆರೆಯಿಂದ ನೇರವಾಗಿ ಕಾಲೇಜಿಗೆ ಒಯ್ಯಿರಿ. ಕರಗಿದ ಆಮ್ಲಜನಕವನ್ನು ಅಳೆಯುವ ಬಾಟಲಿಗೆ , ಆ ಆಮ್ಲಜನಕ ದಾರಿಯಲ್ಲಿ ಬದಲಾಗದಂತೆ, ದಂಡೆಯಲ್ಲೇ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೋಡೈಡ್-ಅಝೈಡ್ ದ್ರಾವಣವನ್ನೂ ಹಾಕಿ, ಕಂದು ಗಷ್ಟು ಇಳಿಯುವುದನ್ನು ನೋಡಬೇಕೆಂಬುದು ನಿಮಗೆ ಗೊತ್ತಿದೆ. ಅಝೈಡ್ ವಿಷ, ಅದರ ಶೀಶೆ ಮನೆಯ ಹೊಸ್ತಿಲು ದಾಟಕೂಡದು. ‘ಬಾಟಲಿ ಇಟ್ಟದ್ದು ನನ್ನ ತಪ್ಪು’ ಎಂದು ಮಗಳಿಗೆ ಒಂದೇ ವಾಕ್ಯದಲ್ಲಿ ಹೇಳಿ, ಅದಕ್ಕೆ ‘ಆದರೆ’ ಸೇರಿಸಬೇಡಿ.

ಇನ್ನು ಬೆಳಗಿನ ಆರು ಗಂಟೆ. ಅದನ್ನು ಗೊತ್ತು ಮಾಡಿದವರು ಯಾರು ಎಂದು ನಿಮ್ಮ ಮಾರ್ಗದರ್ಶಕರನ್ನು ಕೇಳಿದ್ದೀರಾ? ಪಾಚಿ ಹೆಚ್ಚಿರುವ ಕೆರೆಯಲ್ಲಿ ರಾತ್ರಿಯಿಡೀ ಉಸಿರಾಟ ಮಾತ್ರ ನಡೆದು ಮುಂಜಾನೆಗೆ ಆಮ್ಲಜನಕ ಅತಿ ಕಡಿಮೆಯಾಗಿರುತ್ತದೆ, ಬಿಸಿಲೇರಿದಂತೆ ಏರುತ್ತದೆ. ಆ ಕನಿಷ್ಠ ಮಟ್ಟವೇ ನಿಮ್ಮ ಅಧ್ಯಯನದ ವಿಷಯವಾಗಿದ್ದರೆ ಆರು ಗಂಟೆಗೆ ಹೋಗಲೇಬೇಕು. ತಿಂಗಳಿಂದ ತಿಂಗಳಿಗೆ ಆಗುವ ವ್ಯತ್ಯಾಸವಷ್ಟೇ ಬೇಕಾಗಿದ್ದರೆ, ಪ್ರತಿ ಸಲವೂ ಅದೇ ಹೊತ್ತು ಅದೇ ಜಾಗ ಎಂಬುದು ಮುಖ್ಯವೇ ಹೊರತು ಆರೇ ಆಗಬೇಕೆಂದಿಲ್ಲ. ಮಕ್ಕಳು ಹೊರಟ ಮೇಲೆ, ಒಂಬತ್ತಕ್ಕೆ ಹೋಗಬಹುದು. ಹಿಂದಿನ ಬ್ಯಾಚಿನವರು ಮಾಡಿದ್ದನ್ನೇ ಮುಂದಿನವರು ಪ್ರಶ್ನಿಸದೆ ಮಾಡುವುದನ್ನು ನಾನು ಬಹಳ ನೋಡಿದ್ದೇನೆ, ನಾನೇ ಹಾಗೆ ಮಾಡಿಸಿದ್ದೂ ಉಂಟು. ಬಿ.ಒ.ಡಿ. ಪರೀಕ್ಷೆ (ನೀರಿನ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ಮೊದಲೊಮ್ಮೆ, ಕೊನೆಗೊಮ್ಮೆ ಅಳೆದು ನೋಡುವುದು) ನಮ್ಮ ದೇಶದ ಮಾನಕದಂತೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ನಡೆಯುವುದರಿಂದ, ಗುರುವಾರ ತೆಗೆದ ಮಾದರಿಯ ಎರಡನೇ ಅಳತೆ ಭಾನುವಾರಕ್ಕೆ ಬಂದು ಕೂರುತ್ತದೆ. ಸೋಮವಾರವೋ ಮಂಗಳವಾರವೋ ಮಾದರಿ ತೆಗೆದರೆ ವಾರಾಂತ್ಯ ಮನೆಗೆ ಉಳಿಯುತ್ತದೆ. ಆ ದಿನಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿ; ಅಂದಿನ ತಿಂಡಿ, ಡಬ್ಬಿ ನಿಮ್ಮವರ ಪಾಲು. ಅವರಿಗೆ ಚಿತ್ರಾನ್ನವೊಂದೇ ಬರುವುದಾದರೆ ಅಂದು ಚಿತ್ರಾನ್ನವೇ ಆಗಲಿ.

ನಿಜವಾದ ತೊಡಕು ಬಕೆಟ್ಟಿನಲ್ಲಿದೆ. ಸುಮಾರು 100 ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರನ್ನು ಷವರಿನಲ್ಲಿ ಹರಿಯಬಿಡಬಾರದೆಂಬ ನಿಮ್ಮ ಮಾತಿನಲ್ಲಿ ತಪ್ಪಿಲ್ಲ, 2024ರ ಬೇಸಿಗೆಯನ್ನು ಈ ಊರಿನಲ್ಲಿ ಕಳೆದ ಯಾರಿಗೂ ಅದನ್ನು ವಿವರಿಸಬೇಕಾಗಿಯೂ ಇಲ್ಲ. ಆದರೆ ತಾಯಿಯನ್ನು ಕಳೆದುಕೊಂಡ ಹುಡುಗಿಯ ಕಿವಿಗೆ ಅದು ನೀರಿನ ಮಾತಾಗಿ ಬೀಳುವುದಿಲ್ಲ. ಅಮ್ಮ ಇದ್ದಾಗ ಇಲ್ಲದ ಕಾನೂನನ್ನು ಬಂದವರು ತಂದರು ಎಂದು ಕೇಳಿಸುತ್ತದೆ. ನಮ್ಮ ಪತ್ರಿಕೆಗಳು ಅನುದಾನ ಕಡಿಮೆಯಾದಾಗಲೆಲ್ಲ ‘ಮಲತಾಯಿ ಧೋರಣೆ’ ಎಂದು ಬರೆಯುವ ನಾಡಿನಲ್ಲಿ, ಆ ಪದದ ಭಾರ ನಿಮ್ಮ ತಲೆಯ ಮೇಲೂ ಅವಳ ತಲೆಯ ಮೇಲೂ ಮೊದಲೇ ಕೂತಿರುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞೆ ಮೇವಿಸ್ ಹೆದರಿಂಗ್ಟನ್ ಇಂಥ ಕುಟುಂಬಗಳನ್ನು ಹಲವು ವರ್ಷ ಹಿಂಬಾಲಿಸಿ ಕಂಡುಕೊಂಡದ್ದು ಇದನ್ನೇ: ಹೊಸದಾಗಿ ಬಂದವರು ಆರಂಭದಲ್ಲೇ ಶಿಸ್ತಿನ ಹೊಣೆ ಹೊತ್ತರೆ ಹದಿಹರೆಯದ ಮಕ್ಕಳು ತಿರುಗಿ ಬೀಳುತ್ತಾರೆ, ಮೊದಲು ಸ್ನೇಹ ಬೆಳೆಸಿ, ಹೆತ್ತವರ ಶಿಸ್ತಿಗೆ ಬೆಂಬಲವಾಗಿ ನಿಂತವರಿಗೆ ದಾರಿ ಸುಗಮವಾಗುತ್ತದೆ. ಅಂಥ ಮನೆ ನೆಲೆಗೊಳ್ಳಲು ಹಲವು ವರ್ಷ ಹಿಡಿಯುತ್ತದೆ. ನಿಮಗೆ ಇನ್ನೂ ಆಗಿರುವುದು ಎರಡೇ ವರ್ಷ.

ಆದ್ದರಿಂದ ಸ್ನಾನ, ಕಸ, ಮೊಬೈಲು, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂಬ ಮಾತುಗಳೆಲ್ಲ ಅವಳಿಗೆ ಅವಳ ಅಪ್ಪನ ಬಾಯಿಂದಲೇ ಬರಬೇಕು. ಅವರು ಸುಮ್ಮನಿರುವುದನ್ನು ನೀವು ತಾಳ್ಮೆ ಎಂದುಕೊಂಡಿದ್ದೀರೋ ಏನೋ, ನನಗೆ ಅದು ಜಾರಿಕೊಳ್ಳುವಿಕೆಯಾಗಿ ಕಾಣುತ್ತದೆ. ಈ ಪತ್ರವನ್ನು ಅವರಿಗೂ ಓದಲು ಕೊಡಿ. ಕಾನೂನು ಕೂಡ ಈ ಗೆರೆಯನ್ನು ಎಳೆದಿದೆ: 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ 6ನೇ ಕಲಮಿನಲ್ಲಿ, ಸಹಜ ಪಾಲಕರಾದ ‘ತಂದೆ’, ‘ತಾಯಿ’ ಎಂಬ ಪದಗಳು ಮಲತಂದೆ, ಮಲತಾಯಿಯರನ್ನು ಒಳಗೊಳ್ಳುವುದಿಲ್ಲ. ಅವಳ ಕಾಲೇಜಿನ ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಲಿ, ನಿಮ್ಮ ಮಗನದಕ್ಕೆ ನೀವು. ಅವಳು ನಿಮ್ಮನ್ನು ‘ಚಿಕ್ಕಮ್ಮ’ ಎನ್ನುತ್ತಾಳೋ ‘ಆಂಟಿ’ ಎನ್ನುತ್ತಾಳೋ ನೀವು ಬರೆದಿಲ್ಲ. ಯಾವುದಾದರೂ ಸರಿ, ತಿದ್ದಲು ಹೋಗಬೇಡಿ. ಅವಳನ್ನು ಪ್ರಾಜೆಕ್ಟಿಗೆ ಸೇರಿಸಿಕೊಂಡರೆ ಹತ್ತಿರವಾಗುತ್ತಾಳೆ ಎಂಬ ಆಸೆಯೂ ಈಗ ಬೇಡ. ಅವಳಾಗಿಯೇ ಏನಾದರೂ ಕೇಳಿದರೆ, ಕೇಳಿದಷ್ಟಕ್ಕೆ ಉತ್ತರ ಕೊಡಿ.

ಕೊನೆಯದಾಗಿ ನಿಮ್ಮ ಮಗ. ಇಷ್ಟು ಉದ್ದದ ಪತ್ರದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಸಾಲು. ಅಪ್ಪನನ್ನು ಕಳೆದುಕೊಂಡ ನಂತರ ಐದು ವರ್ಷ ಅಮ್ಮನನ್ನು ಪೂರ್ತಿಯಾಗಿ ಪಡೆದಿದ್ದ ಹುಡುಗ, ಈಗ ಅವಳನ್ನು ಮದುವೆಯೊಂದಿಗೆ, ಅಕ್ಕನೊಬ್ಬಳ ಸಿಟ್ಟಿನೊಂದಿಗೆ, ಎಂ.ಎಸ್ಸಿ.ಯೊಂದಿಗೆ ಹಂಚಿಕೊಂಡಿದ್ದಾನೆ. ಹದಿಮೂರರ ಹುಡುಗ ಯಾವ ತೊಂದರೆಯನ್ನೂ ಕೊಡದಿದ್ದರೆ ನಾನು ಅವನ ಶಾಲೆಯ ಅಂಕ, ಊಟ, ನಿದ್ದೆ ಮೂರನ್ನೂ ಒಮ್ಮೆ ವಿಚಾರಿಸುತ್ತೇನೆ. ಭಾನುವಾರ ಅವನೊಬ್ಬನನ್ನೇ ಕರೆದುಕೊಂಡು ಎರಡು ಗಂಟೆ ಹೊರಗೆ ಹೋಗಿ ಬನ್ನಿ, ಜಾಗ ಅವನೇ ಆರಿಸಲಿ. ಕೆರೆಯ ಕಡೆಗೇ ಹೋಗೋಣ ಎಂದರೂ ಹೋಗಿ, ಬಾಟಲಿ ಮಾತ್ರ ಒಯ್ಯಬೇಡಿ.